ಅಂಚಿನ ಮೇಲಿನ ಹೆಸರು

ಜನವರಿ ೯

ಮಾನ್ಯ ಮೇಡಂ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಿವೃತ್ತ ವಾಯುಪಡೆಯವರ ಸಂಘದ ಗುಮಾಸ್ತರು ನಿಮ್ಮ ತಾಯಿಯವರ ಪಿಂಚಣಿ ವಿಳಾಸ ಕೊಟ್ಟರು. ಕೊಡುವ ಮುಂಚೆ ನನ್ನ ಜಾತಕವನ್ನೆಲ್ಲ ಜಾಲಾಡಿದರು, ಅದು ಅವರ ಧರ್ಮ. ಆ ಜಾತಕವನ್ನು ನಿಮಗೂ ಒಪ್ಪಿಸಿಬಿಡುತ್ತೇನೆ.

ನಾನು ಗಡಿಯಾರ ರಿಪೇರಿಯವನು. ರಿಪೇರಿ ಮಾಡಿಸುವ ಜನವೇ ಇಲ್ಲವಾದ ಮೇಲೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದೇನೆ. ಯುದ್ಧಕಾಲದಲ್ಲಿ ವಿಮಾನ ಹಾರಿಸಿದವರ ಪದಕ, ಕಾಗದಪತ್ರ ಕೂಡಿಡುವುದು ನನ್ನ ಹುಚ್ಚು. ನನ್ನಾಕೆ ಇದಕ್ಕೆ ‘ನಿಮ್ಮ ಸತ್ತವರ ಸಂಸಾರ’ ಎಂದು ಹೆಸರಿಟ್ಟಿದ್ದಾಳೆ. ನಾನು ಯಾವುದನ್ನೂ ಮಾರುವುದಿಲ್ಲ. ನಮ್ಮಂಥ ಹುಚ್ಚರು ತಿಂಗಳಿಗೊಮ್ಮೆ ಒಂದು ಕಡೆ ಸೇರಿ ಅದಲುಬದಲು ಮಾಡಿಕೊಳ್ಳುತ್ತೇವೆ, ಅಷ್ಟೇ. ಪದಕ ಯಾರದು, ಆ ಮನುಷ್ಯ ಏನು ಮಾಡಿದ, ಎಲ್ಲಿ ಬಿದ್ದ ಎಂದು ಹುಡುಕಿ, ಒಂದು ಕಾರ್ಡಿನಲ್ಲಿ ಬರೆದು ಪದಕದ ಪಕ್ಕದಲ್ಲಿ ಇಡುತ್ತೇನೆ.

ಕಳೆದ ತಿಂಗಳು ಹಳೇ ಸಾಮಾನಿನ ಅಂಗಡಿಯಲ್ಲಿ ನನಗೊಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರೊಳಗೆ ನಿಮ್ಮ ತಂದೆಯವರ ಲಾಗ್‌ಬುಕ್ ಇದೆ, ಅಂದರೆ ಪೈಲಟ್‌ಗಳು ತಮ್ಮ ಒಂದೊಂದು ಹಾರಾಟವನ್ನೂ ಬರೆದಿಡುವ ಪುಸ್ತಕ. ಜೊತೆಗೆ ಅಂಚೆ ಕಚೇರಿಯಿಂದ ಬಂದ ಒಂದು ತಂತಿ ಸಂದೇಶ, ಮೂರು ಪದಕ. ಎರಡು ಪದಕ ಆ ಯುದ್ಧದಲ್ಲಿದ್ದ ಎಲ್ಲರಿಗೂ ಕೊಟ್ಟದ್ದು. ಅವುಗಳ ಅಂಚಿನ ಮೇಲೆ ನಿಮ್ಮ ತಂದೆಯವರ ಹೆಸರು ಚೆನ್ನಾಗಿಯೇ ಓದಲು ಬರುತ್ತದೆ. ಮೂರನೆಯದು ಬೆಳ್ಳಿಯದು, ಶೌರ್ಯದ ಪದಕ. ನನಗೆ ತಲೆನೋವಾಗಿರುವುದು ಅದೇ. ಅದರ ಅಂಚಿನಲ್ಲಿ ಹೆಸರಿಲ್ಲ, ಕನ್ನಡಿಯ ಹಾಗೆ ನುಣ್ಣಗಿದೆ. ನಾವು ಇಂಥದ್ದನ್ನು ಬೋಳು ಪದಕ ಅನ್ನುತ್ತೇವೆ. ಬೋಳು ಎಂದರೆ ಒಂದೋ ಕದ್ದ ಮಾಲು, ಇಲ್ಲವೇ ಒಬ್ಬರ ಪದಕಗಳ ಗೊಂಚಲಿನ ತೂಕ ಹೆಚ್ಚಿಸಲು ವ್ಯಾಪಾರಿ ಇನ್ನಾರದೋ ಪದಕ ತಂದು, ಹೆಸರನ್ನು ಅರದಿಂದ ತೀಡಿ ಸೇರಿಸಿದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕಲಿಯಲು ನಾನು ಸಾಕಷ್ಟು ಕೈ ಸುಟ್ಟುಕೊಂಡಿದ್ದೇನೆ.

ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ತಂದೆಯವರಿಗೆ ನಿಜವಾಗಿಯೂ ಶೌರ್ಯದ ಪದಕ ಬಂದಿತ್ತೇ? ಯಾವುದಾದರೂ ಆಧಾರವಿದೆಯೇ?

ಇಂತಿ ತಮ್ಮ ವಿಶ್ವಾಸಿ,
ಗಡಿಯಾರದವನು


ಫೆಬ್ರವರಿ ೬

ಮಾನ್ಯರೇ,

ನಿಮ್ಮ ಪತ್ರ ನಮ್ಮ ಹಳೇ ಮನೆಗೆ ಹೋಗಿ, ಅಲ್ಲಿನ ಹೊಸ ಬಾಡಿಗೆದಾರರ ಫ್ರಿಜ್ಜಿನ ಮೇಲೆ ಮಲಗಿದ್ದು, ನಿನ್ನೆ ನನ್ನ ಕೈ ಸೇರಿತು. ಓದಿ ಅಳು ಬಂತು, ನಗು ಬಂತು, ನಿಮ್ಮ ಮೇಲೆ ಸಿಟ್ಟೂ ಬಂತು.

ಆ ಡಬ್ಬಿಯನ್ನು ಯಾರೂ ಕದ್ದಿಲ್ಲ. ಮನೆ ಬದಲಾಯಿಸುವಾಗ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿದ್ದ ಡಬ್ಬಿಗಳನ್ನೆಲ್ಲ ನಾನೇ ಗುಜರಿಯವನಿಗೆ ಎತ್ತಿ ಹಾಕಿದೆ. ಶೌರ್ಯದ ಪದಕ ಅಲ್ಲೇಕಿತ್ತು ಎಂದು ಕೇಳುತ್ತೀರಿ. ನನ್ನ ಅಮ್ಮ ಭಾನುವಾರದ ಪಾತ್ರೆಯೆಲ್ಲ ಮುಗಿದ ಮೇಲೆ, ಅದೇ ಪುಡಿ, ಅದೇ ಬಟ್ಟೆಯಲ್ಲಿ ಅಪ್ಪನ ಪದಕಗಳನ್ನು ಉಜ್ಜುತ್ತಿದ್ದಳು. ಹಾಗಾಗಿ ಅವು ಪುಡಿಯ ಪಕ್ಕದಲ್ಲೇ ಇರುತ್ತಿದ್ದವು. ಹಳೇ ಡಬ್ಬಿ ತುಕ್ಕು ಹಿಡಿಯಿತೆಂದು ಯಾವಾಗಲೋ ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದಾಳೆ, ನನಗೆ ಗೊತ್ತಾಗಲಿಲ್ಲ.

ಈಗ ನಿಮ್ಮ ಬೋಳು ಪದಕದ ವಿಷಯ. ಹೆಸರು ತೆಗೆದದ್ದು ವ್ಯಾಪಾರಿಯಲ್ಲ, ನನ್ನ ಅಮ್ಮ. ನಾನು ಹೊಟ್ಟೆಯಲ್ಲಿದ್ದಾಗ ಅಪ್ಪ ಹಾರಿದರು, ಮರಳಲಿಲ್ಲ. ವಿಮಾನವೂ ಸಿಗಲಿಲ್ಲ, ಅವರೂ ಸಿಗಲಿಲ್ಲ. ಪದಕ ಅಂಚೆಯಲ್ಲಿ ಬಂತು. ಅವತ್ತಿನಿಂದ ಉಜ್ಜಿದ್ದಾಳೆ, ನನಗೀಗ ತಲೆ ನರೆತಿದೆ, ಲೆಕ್ಕ ನೀವೇ ಹಾಕಿ. ಉಜ್ಜುವಾಗ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ತಿರುಗಿಸುತ್ತಿದ್ದಳು. ಉಳಿದ ಎರಡು ಗಟ್ಟಿ ಲೋಹ, ತಡೆದುಕೊಂಡವು. ಬೆಳ್ಳಿ ಮೆತ್ತಗೆ. ಲೋಹ ತೀಡಿ ಬದುಕಿದ ನಿಮಗೆ ಇಷ್ಟು ಹೊಳೆಯಬೇಕಿತ್ತು.

ಅಮ್ಮನಿಗೆ ಮರೆವಿನ ರೋಗ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಒಂದು ದಿನ ಅಂಗಡಿಯ ಬಿಳಿ ಕೋಟಿನಲ್ಲೇ ಮನೆಗೆ ಬಂದೆ, ಅಂದಿನಿಂದ ಅಮ್ಮನಿಗೆ ನಾನು ‘ಕನ್ನಡಕದಂಗಡಿಯವಳು’. “ಒಳ್ಳೇ ಹೆಂಗಸು ಕಣೇ ನೀನು, ನಿಮ್ಮಮ್ಮ ಪುಣ್ಯ ಮಾಡಿದ್ಲು” ಎಂದು ನನ್ನ ತಲೆ ಸವರುತ್ತಾಳೆ. ಅಳಿಯನನ್ನೂ ಮರೆತಳು, ಮೊಮ್ಮಕ್ಕಳನ್ನೂ ಮರೆತಳು. ಅಪ್ಪ ಒಬ್ಬರು ಮಾತ್ರ ಉಳಿದಿದ್ದಾರೆ. ಈಗ ಅವಳಿಗೆ ದಿನವೂ ಭಾನುವಾರ. ಮೇಜಿನ ಮೇಲೆ ಬಟ್ಟೆ ಹಾಸಿಕೊಂಡು ಕೂರುತ್ತಾಳೆ. “ಅವರದ್ದು ಎಲ್ಲಿಟ್ಟೆ? ಕೊಡು, ಉಜ್ಜಿಟ್ಟು ಊಟ ಮಾಡ್ತೀನಿ.” ಕೊಡಲು ನನ್ನ ಹತ್ತಿರ ಏನಿದೆ? ಊಟ ಹಾಗೇ ಆರಿ ತಣ್ಣಗಾಗುತ್ತದೆ.

ಪದಕ ಅವಳ ಕೈಗೆ ಬಾರದಿದ್ದರೆ ಅಪ್ಪನೂ ಅವಳ ತಲೆಯಿಂದ ಹೊರಟುಹೋಗುತ್ತಾರೆ ಎಂಬ ಭಯ ನನಗೆ. ದಯವಿಟ್ಟು ಕಳಿಸಿಕೊಡಿ. ಏನು ಕೊಡಬೇಕೋ ಕೊಡುತ್ತೇನೆ.

ಇಂತಿ,
ಪೈಲಟ್ ಅವರ ಮಗಳು


ಫೆಬ್ರವರಿ ೨೭

ಮಾನ್ಯರೇ,

ನನ್ನ ಪತ್ರ ತಲುಪಿತೇ? ನನ್ನ ಮಾತು ಒರಟಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಮ್ಮ ಈಗ ಊಟದ ತಟ್ಟೆಯ ಅಂಚನ್ನೇ ಉಜ್ಜುತ್ತಾಳೆ. ಮೂರನ್ನೂ ಕಳಿಸಲು ಆಗದಿದ್ದರೆ ಆ ಬೋಳು ಒಂದನ್ನಾದರೂ ಕಳಿಸಿ. ನಿಮ್ಮ ಸಂಗ್ರಹದಲ್ಲಿ ಅದಕ್ಕೆ ಬೆಲೆಯೂ ಇಲ್ಲವಲ್ಲ.

ಪೈಲಟ್ ಅವರ ಮಗಳು


ಮಾರ್ಚ್ ೨೦

ಮೇಡಂ,

ನಿಮ್ಮ ಎರಡೂ ಪತ್ರ ತಲುಪಿವೆ. ಉತ್ತರಿಸಲು ಮುಖವಿರಲಿಲ್ಲ. ಜೊತೆಗೆ, ಉತ್ತರದ ಬದಲು ಪದಕವನ್ನೇ ಕಳಿಸಬಹುದು ಎಂಬ ಆಸೆಯಿತ್ತು. ಆ ಆಸೆ ಹೋದ ವಾರ ಮುಗಿಯಿತು.

ನಿಮ್ಮಿಂದ ಉತ್ತರ ಬಾರದ್ದನ್ನು ನೋಡಿ, ಮನೆಯವರಿಗೇ ಗೊತ್ತಿಲ್ಲವೆಂದ ಮೇಲೆ ಇದು ಸೇರಿಸಿದ ಮಾಲೇ ಎಂದು ನಾನು ತೀರ್ಮಾನಿಸಿದೆ. ಜನವರಿ ಕೊನೆಯಲ್ಲಿ ನಮ್ಮ ಕೂಟ ಸೇರಿದಾಗ ಆ ಬೆಳ್ಳಿ ಪದಕ ಕೊಟ್ಟು, ಉಳಿದೆರಡಕ್ಕೆ ಹೊಂದುವ ಹಳೇ ರೇಷ್ಮೆ ಪಟ್ಟಿ ತೆಗೆದುಕೊಂಡೆ. ನಿಮ್ಮ ತಂದೆಯವರ ಗೊಂಚಲು ಶುದ್ಧವಾಯಿತು ಎಂದು ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿಕೊಂಡೆ. ಶುದ್ಧ ಎಂಬ ಮಾತನ್ನೇ ಬಳಸಿದೆ, ಮೇಡಂ.

ನಿಮ್ಮ ಪತ್ರ ಓದಿದ ದಿನವೇ ಆ ಮನುಷ್ಯನ ಮನೆಗೆ ಓಡಿದೆ. ಅವನು ಅದನ್ನು ಬೆಳ್ಳಿ ಕೆಲಸದವನಿಗೆ ತೂಕಕ್ಕೆ ಹಾಕಿದ್ದ. ಬೋಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಬೆಳ್ಳಿ ಕೆಲಸದವನು ಊರಿನಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಹೋಗಿದ್ದವನು ಹೋದ ವಾರ ಬಂದ. ಅಲ್ಲಿಯವರೆಗೆ ಅವನ ಅಂಗಡಿಯ ಬೀಗ ನೋಡಿಕೊಂಡು ಬರುವುದೇ ನನ್ನ ಕೆಲಸವಾಗಿತ್ತು. “ಅದಾ? ಊರಿಗೆ ಹೋಗೋಕ್ ಮುಂಚೇನೇ ಕರಗಿಸ್ಬಿಟ್ಟೆ ಸ್ವಾಮಿ. ಯಾವುದೋ ಮಗುವಿನ ಲೋಟ ಆಗಿರ್ಬೇಕು” ಎಂದ. ಯಾವ ಮಗು ಎಂದು ಕೂಡ ಕೇಳಿದೆ. ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಬಾಳು. ಅರದಿಂದ ತೀಡಿದರೆ ಅಂಚಿನಲ್ಲಿ ಗೀರು ಉಳಿಯುತ್ತದೆ. ನಿಮ್ಮ ಪದಕದ ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ. ಅದನ್ನು ನಾನು ಕಂಡಿದ್ದೆ, ಕೆಲಸ ಬಲ್ಲ ಕಳ್ಳ ಎಂದುಕೊಂಡೆ. ಪ್ರೀತಿಯಿಂದಲೂ ಹೆಸರು ಅಳಿಯುತ್ತದೆ ಎಂದು ನಮ್ಮ ಕೂಟದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಉಳಿದದ್ದೆಲ್ಲ ಈ ಪಾರ್ಸೆಲ್ಲಿನಲ್ಲಿದೆ. ದುಡ್ಡಿನ ಮಾತು ಎತ್ತಬೇಡಿ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕೊಡಬೇಕಾದ ಕಷ್ಟ ನಿಮ್ಮದಾಗುತ್ತದೆ.

ಗಡಿಯಾರದವನು


ಮಾರ್ಚ್ ೨೯

ಮಾನ್ಯರೇ,

ಪಾರ್ಸೆಲ್ ಬಂತು. ಎರಡು ಪದಕ, ಲಾಗ್‌ಬುಕ್, ತಂತಿ ಎಲ್ಲ ಸರಿಯಾಗಿವೆ. ರಸೀದಿ ಎಂದು ಇದನ್ನು ಇಟ್ಟುಕೊಳ್ಳಿ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆಗುತ್ತಿಲ್ಲ.

ಅಮ್ಮನ ಮುಂದೆ ಬಟ್ಟೆಯ ಮೇಲೆ ಎರಡನ್ನೂ ಇಟ್ಟೆ. ಅವಳ ಕಣ್ಣು ಅರಳಿತು. ಒಂದನ್ನು ತೆಗೆದು ಹೆಬ್ಬೆರಳಿನಿಂದ ಅಂಚು ನೋಡಿದಳು, ಪಕ್ಕಕ್ಕಿಟ್ಟಳು. ಇನ್ನೊಂದನ್ನೂ ನೋಡಿ ಇಟ್ಟಳು. ಆಮೇಲೆ ಬಟ್ಟೆಯ ಕೆಳಗೆ ಹುಡುಕಿದಳು, ಮೇಜಿನ ಕೆಳಗೆ ಬಗ್ಗಿದಳು. “ಇವು ಎಲ್ರಿಗೂ ಕೊಟ್ಟಿದ್ದು ಕಣೇ. ಅವರಿಗೆ ಕೊಟ್ಟಿದ್ದೆಲ್ಲಿ?”

ತನ್ನ ಹೆತ್ತ ಮಗಳನ್ನು ಗುರುತಿಸಲಾರದವಳು ಅದನ್ನು ಗುರುತಿಸುತ್ತಾಳೆ. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಗುತ್ತೀರಿ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಿಮ್ಮನ್ನು ಬೈಯಲು ಕೂತವಳು ನಾನು. ಆದರೆ ಗುಜರಿಗೆ ಹಾಕಿದವಳು ನಾನೇ ಅಲ್ಲವೇ, ಯಾವ ಬಾಯಲ್ಲಿ ಬೈಯಲಿ? ಇನ್ನು ಪತ್ರ ಬರೆಯಬೇಡಿ.

ಪೈಲಟ್ ಅವರ ಮಗಳು


ಮೇ ೨

ಮೇಡಂ,

ಬರೆಯಬೇಡಿ ಎಂದಿರಿ, ಬರೆಯುತ್ತಿದ್ದೇನೆ. ಓದದೆ ಹರಿದರೂ ಸರಿಯೇ, ಎರಡು ವಿಷಯ ನಿಮಗೆ ತಲುಪಬೇಕು.

ಒಂದು, ನಿಮ್ಮ ತಂದೆಯವರಿಗೆ ಪದಕ ಕೊಟ್ಟ ಆದೇಶ ಸಿಕ್ಕಿತು. ಹಳೇ ಸರಕಾರಿ ಪತ್ರಗಳನ್ನು ಇಟ್ಟಿರುವ ಕಚೇರಿಯಲ್ಲಿ ದೂಳು ಕುಡಿದು ತೆಗೆದೆ, ನಕಲು ಇದರ ಜೊತೆಗಿದೆ. ಜೌಗು ನೆಲದಲ್ಲಿ ದಾರಿ ತಪ್ಪಿದ್ದ ಕಾಲಾಳುಗಳ ಒಂದು ಗುಂಪನ್ನು ಅವರು ಮೇಲಿನಿಂದ ಕಂಡರು. ಸಣ್ಣ ವಿಮಾನ, ಬಂದೂಕು ಕೂಡ ಇರಲಿಲ್ಲ. ಶತ್ರುಗಳು ಕೆಳಗಿನಿಂದ ಗುಂಡು ಹಾರಿಸುತ್ತಿದ್ದರೂ ಅವರು ತಗ್ಗಿನಲ್ಲೇ ಹಾರುತ್ತಾ, ಗಟ್ಟಿ ನೆಲ ಎಲ್ಲಿದೆಯೋ ಆ ಕಡೆಗೆ ಹೋಗಿ, ಮತ್ತೆ ಹಿಂದಿರುಗಿ, ಮತ್ತೆ ಹೋಗಿ ದಾರಿ ತೋರಿಸಿದರು. ಎಲ್ಲರೂ ದಾಟಿದ ಮೇಲೆ, ತೂತು ಬಿದ್ದ ರೆಕ್ಕೆಯಲ್ಲಿ ಇಳಿದರು. ಲಾಗ್‌ಬುಕ್ಕಿನಲ್ಲಿ ಆ ದಿನದ ಎದುರು ಅವರು ಬರೆದದ್ದು ಇಷ್ಟೇ: ‘ಹವೆ ಚೆನ್ನಾಗಿತ್ತು.’ ನೀವೇ ನೋಡಿ. ಎಂಥ ಗಂಡಸು, ಮೇಡಂ.

ಎರಡನೆಯದು, ಅದೇ ಬೆಳ್ಳಿ ಪದಕ, ಅದೇ ಯುದ್ಧದ್ದು, ಇನ್ನೊಂದು ಸಂಪಾದಿಸಿದ್ದೇನೆ. ಅದಕ್ಕೆ ಬದಲಾಗಿ ನನ್ನ ಸತ್ತವರ ಸಂಸಾರದ ಹಿರಿಯನ ಪದಕವನ್ನೇ ಬಿಟ್ಟುಕೊಟ್ಟೆ. ನನ್ನಾಕೆ ಮೊದಲ ಸಲ “ಒಳ್ಳೇ ಕೆಲಸ ಮಾಡಿದ್ರಿ” ಎಂದಳು. ತೊಡಕೊಂದಿದೆ. ಅದರ ಅಂಚಿನಲ್ಲಿ ಬೇರೊಬ್ಬರ ಹೆಸರಿದೆ. ಅವರೂ ಪೈಲಟ್, ಅವರೂ ಮರಳಲಿಲ್ಲ. ಹೆಸರು ತೀಡಿ ನುಣ್ಣಗೆ ಮಾಡುವುದು ನನಗೆ ಕಷ್ಟವಲ್ಲ. ಮೆದು ಬಟ್ಟೆಯಿಂದ ಮೆರುಗು ಕೊಟ್ಟರೆ ನಿಮ್ಮ ತಾಯಿಯವರ ಹೆಬ್ಬೆರಳಿಗೂ ವ್ಯತ್ಯಾಸ ತಿಳಿಯದು. ಯಾವ ಕೆಲಸವನ್ನು ಕಳ್ಳರದು ಎನ್ನುತ್ತಿದ್ದೆನೋ ಅದನ್ನೇ ಮಾಡಲು ನಿಮ್ಮ ಅಪ್ಪಣೆ ಕೇಳುತ್ತಿದ್ದೇನೆ.

ಗಡಿಯಾರದವನು


ಮೇ ೯

ಮಾನ್ಯರೇ,

ತೀಡಿಬಿಡಿ.

ಆ ಪುಣ್ಯಾತ್ಮ ಯಾರೋ, ಅವರ ಮನೆಯವರು ಯಾರೋ, ನನಗೆ ಅದೆಲ್ಲ ಯೋಚಿಸುವ ಶಕ್ತಿಯಿಲ್ಲ. ಅಮ್ಮ ಮೂರು ಚಮಚಕ್ಕಿಂತ ಹೆಚ್ಚು ನುಂಗುತ್ತಿಲ್ಲ. ಡಾಕ್ಟರು ನಳಿಕೆ ಹಾಕುವ ಮಾತಾಡುತ್ತಿದ್ದಾರೆ. ಪಾಪ ಬಂದರೆ ನನಗೆ ಬರಲಿ.

ಅಪ್ಪನ ಆ ಸಾಲು ಓದಿದೆ. ಅಷ್ಟು ಮುದ್ದಾದ ಅಕ್ಷರ ಅವರದೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ನಿಮ್ಮ ಋಣದಲ್ಲಿದ್ದೇನೆ.

ಬೇಗ ಕಳಿಸಿ.

ಕನ್ನಡಕದಂಗಡಿಯವಳು


ಮೇ ೧೬

ತಂಗೀ,

ಹಾಗೆ ಕರೆಯುತ್ತೇನೆ, ತಪ್ಪು ತಿಳಿಯಬೇಡ. ಪದಕ ಕಳಿಸಿದ್ದೇನೆ. ಹೆಸರು ಹಾಗೇ ಇದೆ.

ಎರಡು ದಿನ ಅರ ಹಿಡಿದು ಕೂತೆ. ಇಕ್ಕಳದಲ್ಲಿ ಪದಕ ಬಿಗಿದು, ದೀಪ ಹತ್ತಿರ ಎಳೆದುಕೊಂಡು, ಮೊದಲ ಅಕ್ಷರದ ಮೇಲೆ ಅರ ಇಡುತ್ತಿದ್ದೆ, ತೆಗೆಯುತ್ತಿದ್ದೆ. ನಾನೇ ಎತ್ತಿದ ಮಾತು, ನೀನೂ ಒಪ್ಪಿದೆ, ಆದರೂ ಕೈ ಮಾತು ಕೇಳಲಿಲ್ಲ. ಒಬ್ಬ ಪೈಲಟ್‌ನನ್ನು ಕರಗಿಸಿಯಾಗಿದೆ, ಇನ್ನೊಬ್ಬನನ್ನು ನನ್ನ ಕೈಯಾರೆ ಅಳಿಸಲಾರೆ. ಇವರಿಗೆ ಮಕ್ಕಳಿಲ್ಲ, ಹೆಂಡತಿ ಬೇಗ ತೀರಿಕೊಂಡರಂತೆ. ಅಂಚಿನ ಮೇಲಿನ ಆ ಹೆಸರು ಬಿಟ್ಟರೆ ಇವರು ಇದ್ದರು ಎನ್ನಲು ಇನ್ನೇನೂ ಇಲ್ಲ.

ತಾಯಿಯವರು ಒಪ್ಪದಿದ್ದರೆ ಬರೆ. ಆಗ ಕಣ್ಣು ಮುಚ್ಚಿಕೊಂಡಾದರೂ ತೀಡುತ್ತೇನೆ.

ಗಡಿಯಾರದವನು


ಮೇ ೩೦

ಅಣ್ಣನವರೇ,

ಪಾರ್ಸೆಲ್ ಬಿಚ್ಚಿ ಅಂಚು ನೋಡಿದಾಗ ನೀವು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಇಲ್ಲದ್ದು ಒಳ್ಳೆಯದಾಯಿತು.

ಬೇರೆ ದಾರಿಯಿಲ್ಲದೆ ಅಮ್ಮನ ಮುಂದಿಟ್ಟೆ. ಹೆಬ್ಬೆರಳು ಅಂಚಿನ ಮೇಲೆ ಓಡಿತು, ಅಕ್ಷರ ತಾಗಿದಲ್ಲಿ ನಿಂತಿತು. ನನ್ನ ಜೀವವೂ ನಿಂತಿತು. ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, “ಇದನ್ನ ಯಾರೂ ಉಜ್ಜೇ ಇಲ್ವಲ್ಲೇ” ಎಂದಳು. “ಅಕ್ಷರ ಹೊಸದರ ಹಾಗಿದೆ. ಪಾಪ, ಇವರಿಗೆ ಮನೇಲಿ ಯಾರೂ ಇರ್ಲಿಲ್ವಾ?”

“ಇರ್ಲಿಲ್ವಂತಮ್ಮ” ಎಂದೆ.

“ಪುಡಿ ಕೊಡು.”

ಉಜ್ಜಿದಳು, ಅಣ್ಣನವರೇ. ತೋಳು ನೋಯುವಷ್ಟು ಉಜ್ಜಿದಳು. ನಂತರ ತಟ್ಟೆ ಎಳೆದುಕೊಂಡು ತಾನೇ ಉಂಡಳು. ಇನ್ನೊಂದು ಸಲ ಬಡಿಸಿಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ.

ನಿಮ್ಮ ಕೈ ಮಾತು ಕೇಳದೇ ಇದ್ದದ್ದಕ್ಕೆ ನಿಮ್ಮ ಕೈಗೆ ನಮಸ್ಕಾರ.

ಕನ್ನಡಕದಂಗಡಿಯವಳು


ನವೆಂಬರ್ ೩

ತಂಗೀ,

ಆ ಪತ್ರದ ನಂತರ ನಿನ್ನಿಂದ ಸುದ್ದಿಯಿಲ್ಲ. ನಾನೂ ಕೆದಕಬಾರದೆಂದು ಸುಮ್ಮನಿದ್ದೆ. ನನ್ನಾಕೆ ವಾರಕ್ಕೊಮ್ಮೆ “ಆ ತಾಯಿ ಊಟ ಮಾಡ್ತಿದಾರಂತಾ?” ಎಂದು ಕೇಳುತ್ತಾಳೆ. ಏನು ಹೇಳಲಿ? ಒಂದು ಸಾಲು ಬರೆದು ಹಾಕು.

ಗಡಿಯಾರದವನು


ನವೆಂಬರ್ ೧೪

ಅಣ್ಣನವರೇ,

ಅತ್ತಿಗೆಗೆ ಹೇಳಿ, ಅಮ್ಮ ಚೆನ್ನಾಗಿ ಊಟ ಮಾಡುತ್ತಿದ್ದಾಳೆ. ಮೈ ತುಂಬಿಕೊಂಡಿದ್ದಾಳೆ, ಹಳೇ ರವಿಕೆಗಳು ಬಿಗಿಯಾಗಿವೆ. ಡಾಕ್ಟರು ಬೆನ್ನು ತಟ್ಟಿ ಹೋದರು. ಇದು ಒಂದು ಸಾಲು. ಉಳಿದದ್ದನ್ನು ಬರೆಯಲು ನನಗೆ ಇಷ್ಟು ದಿನ ಕೈ ಬರಲಿಲ್ಲ.

ಅಮ್ಮ ದಿನಾ ಪದಕ ಉಜ್ಜುತ್ತಾಳೆ. ಉಜ್ಜಿದ ಮೇಲೆ ಬೆಳಕಿಗೆ ಹಿಡಿದು, ಅಂಚಿನ ಮೇಲಿನ ಹೆಸರನ್ನು ಮೆಲ್ಲಗೆ ಓದಿಕೊಳ್ಳುತ್ತಾಳೆ. ಅವಳಿಗೆ ಓದಲು ಬರುತ್ತಿದೆಯಲ್ಲ ಎಂದು ನಾನು ಹಿಗ್ಗಿದ್ದೆ, ಎಂಥ ದಡ್ಡಿ ನೋಡಿ. ಹೋದ ತಿಂಗಳು ಪಕ್ಕದ ಮನೆಯಾಕೆ ಬಂದಿದ್ದರು. ಅಮ್ಮ ಪದಕ ತೋರಿಸಿ, “ನಮ್ಮ ಮನೆಯವರದ್ದು” ಎಂದಳು. ಆಕೆ ಮಾತಿಗೆ, “ಏನಮ್ಮ ಅವರ ಹೆಸರು?” ಎಂದು ಕೇಳಿದರು.

ನನ್ನ ಅಮ್ಮನಿಗೆ ಅಪ್ಪ ಯಾವಾಗಲೂ ‘ಅವರು’. ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಗಂಡನ ಹೆಸರು ಕೇಳಿದವಳಲ್ಲ. ಅವತ್ತು ಹೇಳಿದಳು. ನಾಚಿಕೊಂಡು, ಸೆರಗಿನ ತುದಿ ಹಿಡಿದುಕೊಂಡು, ಹೊಸ ಮದುಮಗಳ ಹಾಗೆ ಹೇಳಿದಳು. ಅದು ನನ್ನ ಅಪ್ಪನ ಹೆಸರಾಗಿರಲಿಲ್ಲ.

ಆಕೆ ಹೋದ ಮೇಲೆ ಅಪ್ಪನ ಫೋಟೋ ತಂದು ಅಮ್ಮನ ತೊಡೆಯ ಮೇಲಿಟ್ಟೆ. ವಿಮಾನದ ರೆಕ್ಕೆಗೆ ಒರಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿರುವುದು. ಅಮ್ಮ ನೋಡಿ, “ಯಾರೋ ಹುಡುಗ ಬಿಸಿಲಲ್ಲಿ ನಿಂತಿದಾನೆ. ಒಳಗೆ ಕರಿಯೇ” ಎಂದಳು.

ತೀಡದೆ ಕಳಿಸಿದ್ದಕ್ಕೆ ಹೀಗಾಯಿತು ಎಂದು ನೀವು ಕೊರಗಬೇಡಿ. ಪದಕ ಕೊಡದಿದ್ದರೆ ಅಮ್ಮನೇ ಉಳಿಯುತ್ತಿರಲಿಲ್ಲ. ಆದರೆ ನನಗಾದ ನಷ್ಟ ನಿಮಗಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ನಾನು ಅಪ್ಪನನ್ನು ನೋಡಿದವಳಲ್ಲ. ಅವರ ದನಿ ಹೇಗಿತ್ತು, ಹೇಗೆ ನಡೆಯುತ್ತಿದ್ದರು, ನನಗೇನು ಗೊತ್ತು? ಕಂಡವಳು ಅಮ್ಮ ಒಬ್ಬಳಿದ್ದಳು. ಅವಳ ಹತ್ತಿರ ಅವರು ಇದ್ದಾರೆ ಎಂಬ ಧೈರ್ಯದಲ್ಲಿ ನಾನು ಇಷ್ಟು ದಿನ ಬದುಕಿದ್ದೆ.

ನಿನ್ನೆ ಮನಸ್ಸು ತಡೆಯದೆ ಮತ್ತೆ ಅಮ್ಮನ ಪಕ್ಕ ಕೂತು, ಕಿವಿಯ ಹತ್ತಿರ ಅಪ್ಪನ ಹೆಸರು ಹೇಳಿದೆ. ಪೂರ್ತಿ ಹೆಸರು ಹೇಳಿದೆ. ಅವರು ಪೈಲಟ್ ಆಗಿದ್ದರು, ಜೌಗಿನಲ್ಲಿ ಜನರಿಗೆ ದಾರಿ ತೋರಿಸಿದರು, ಮರಳಲಿಲ್ಲ ಎಂದೆ. ಅಮ್ಮ ಉಜ್ಜುವುದನ್ನು ನಿಲ್ಲಿಸಿ ಗಮನವಿಟ್ಟು ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂತು. ನಾನು ಇನ್ನಷ್ಟು ಹತ್ತಿರ ಸರಿದೆ.

“ಅಯ್ಯೋ ಪಾಪ,” ಎಂದಳು. “ಅವರ ಹೆಂಡತಿ ಈಗ ಎಲ್ಲಿದಾರೆ?”

“ಗೊತ್ತಿಲ್ಲಮ್ಮ” ಎಂದೆ.

ನಿಮ್ಮ ತಂಗಿ